ಎಂಟು ಗ್ರೇ, ಎಂಟು ಮಿಲಿಗ್ರಾಂ: ಮೂಳೆಗೆ ಹರಡಿದ ಕ್ಯಾನ್ಸರಿನ ಉಪಶಮನ ವಿಕಿರಣದಲ್ಲಿ ನೋವಿನ ಉಲ್ಬಣ ಮತ್ತು ಡೆಕ್ಸಾಮೆಥಾಸೋನ್

ಎಡ್ವರ್ಡ್ ಚೌ ಮತ್ತು ಅವರ ಸಹಸಂಶೋಧಕರು ಎಸ್‌ಸಿ.23 ಎಂಬ ಪ್ರಯೋಗದ ಫಲಿತಾಂಶವನ್ನು 2015ರಲ್ಲಿ ‘ಲ್ಯಾನ್ಸೆಟ್ ಆಂಕಾಲಜಿ’ ಪತ್ರಿಕೆಯಲ್ಲಿ ಪ್ರಕಟಿಸಿದರು. ಮೂಳೆಗೆ ಹರಡಿದ ಕ್ಯಾನ್ಸರಿನ ನೋವಿಗೆ ವಿಕಿರಣ ಪಡೆದವರಲ್ಲಿ ಕೆಲವರಿಗೆ ಮೊದಲ ಕೆಲವು ದಿನ ನೋವು ತಗ್ಗುವ ಬದಲು ಕೆರಳುತ್ತದೆ. ಡೆಕ್ಸಾಮೆಥಾಸೋನ್ ಗುಳಿಗೆಯನ್ನು ಮುಂಚಿತವಾಗಿಯೇ ಕೊಟ್ಟರೆ ಈ ಉಲ್ಬಣ ಕಡಿಮೆಯಾಗುತ್ತದೆ ಎಂಬುದು ಅವರ ತೀರ್ಮಾನ. ಅದನ್ನು ಓದಿದ ವೈದ್ಯರಿಗೆ ವಿಕಿರಣಕ್ಕೆ ಬರುವ ಪ್ರತಿಯೊಬ್ಬರಿಗೂ ಸ್ಟೀರಾಯ್ಡ್ ಬರೆದುಕೊಡಬೇಕೆನ್ನಿಸುವುದು ಸಹಜ. ಹಾಗೆ ಎಲ್ಲರಿಗೂ ಬರೆದುಕೊಡುವಷ್ಟು ಬಲ ಆ ಪ್ರಯೋಗದ ಅಂಕಿಗಳಲ್ಲಿ ಇಲ್ಲ, ಅದರಲ್ಲೂ ಸಕ್ಕರೆ ಕಾಯಿಲೆ ಇಷ್ಟೊಂದು ವ್ಯಾಪಿಸಿರುವ ನಮ್ಮ ದೇಶದ ಮಟ್ಟಿಗೆ ಇಲ್ಲ ಎಂಬುದು ಈ ಲೇಖನದ ವಾದ.

ಒಮ್ಮತವಿರುವ ಸಂಗತಿಗಳನ್ನು ಮೊದಲು ಬೇಗ ಮುಗಿಸಿಬಿಡಬಹುದು. ಸ್ತನ, ಪ್ರಾಸ್ಟೇಟ್ ಮತ್ತು ಶ್ವಾಸಕೋಶದ ಕ್ಯಾನ್ಸರುಗಳು ಮೂಳೆಗೆ ಹರಡುವುದರಲ್ಲಿ ಮುಂದು. ಹಾಗೆ ಹರಡಿದಾಗ ಕೊಡುವ ವಿಕಿರಣದ ಗುರಿ ರೋಗವನ್ನು ಗುಣಪಡಿಸುವುದಲ್ಲ, ನೋವನ್ನು ತಗ್ಗಿಸುವುದು. 8 ಗ್ರೇಯನ್ನು ಒಂದೇ ಸಲ ಕೊಡಬೇಕೇ, 20 ಗ್ರೇಯನ್ನು 5 ಕಂತಿನಲ್ಲಿ ಅಥವಾ 30 ಗ್ರೇಯನ್ನು 10 ಕಂತಿನಲ್ಲಿ ಕೊಡಬೇಕೇ ಎಂಬ ಚರ್ಚೆ ಬಹುಕಾಲ ನಡೆಯಿತು. ಟಾಂಗ್ ಮತ್ತು ಸಂಗಡಿಗರು 1982ರಲ್ಲಿ ಅಮೆರಿಕದ ಆರ್‌ಟಿಒಜಿ ಪ್ರಯೋಗವನ್ನು ವಿವರಿಸುತ್ತ ಚಿಕ್ಕ ಕ್ರಮವೂ ದೀರ್ಘ ಕ್ರಮದಷ್ಟೇ ಫಲಕಾರಿ ಎಂದರು. 1985ರಲ್ಲಿ ಬ್ಲಿಟ್ಜರ್ ಅದೇ ದತ್ತಾಂಶವನ್ನು ಮತ್ತೆ ಕೈಗೆತ್ತಿಕೊಂಡರು. ನೋವಿನ ಜೊತೆಗೆ ಮಾದಕ ನೋವುನಿವಾರಕಗಳ ಬಳಕೆಯನ್ನೂ ಮರುವಿಕಿರಣವನ್ನೂ ಲೆಕ್ಕಕ್ಕೆ ಸೇರಿಸಿದಾಗ ಹೆಚ್ಚು ಕಂತುಗಳೇ ಮೇಲು ಎಂಬ ವಿರುದ್ಧ ನಿರ್ಣಯ ಅವರಿಗೆ ಸಿಕ್ಕಿತು. ಒಂದೇ ದತ್ತಾಂಶ ಎರಡು ತೀರ್ಪುಗಳನ್ನು ಕೊಟ್ಟಿತು. ಬದಲಾಗಿದ್ದು ‘ಫಲ’ವನ್ನು ಅಳೆದ ಬಗೆ ಮಾತ್ರ. ಎಸ್‌ಸಿ.23ನ್ನು ಓದುವಾಗಲೂ ಈ ಇತಿಹಾಸ ಮನಸ್ಸಿನಲ್ಲಿರಬೇಕು.

ನಂತರದ ದೊಡ್ಡ ಪ್ರಯೋಗಗಳು ಕಂತಿನ ವಿವಾದವನ್ನು ಬಹುಮಟ್ಟಿಗೆ ಮುಗಿಸಿದವು. 1999ರ ಡಚ್ ಅಧ್ಯಯನದಲ್ಲಿ 1171 ರೋಗಿಗಳಿದ್ದರು. ಹಾರ್ಟ್‌ಸೆಲ್ ಮತ್ತು ಸಂಗಡಿಗರ 2005ರ ಆರ್‌ಟಿಒಜಿ 97-14 ಪ್ರಯೋಗದಲ್ಲಿ 898 ಮಂದಿ. 2007ರಲ್ಲಿ ಚೌ ಅವರೇ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಒಂದೇ ಕಂತಿನವರಲ್ಲಿ 58% ಮತ್ತು ಹಲವು ಕಂತಿನವರಲ್ಲಿ 59% ಮಂದಿಗೆ ನೋವು ತಗ್ಗಿತ್ತು. ಮತ್ತೆ ವಿಕಿರಣ ಪಡೆಯಬೇಕಾಗಿ ಬರುವುದು ಒಂದೇ ಕಂತಿನವರಲ್ಲಿ ಹೆಚ್ಚು, ನಿಜ. ಆದರೆ ಅಡ್ಡಪರಿಣಾಮದ ಲೆಕ್ಕದಲ್ಲಿ ಒಂದೇ ಕಂತು ಸೌಮ್ಯ. ಆರ್‌ಟಿಒಜಿ 97-14ರಲ್ಲಿ ಎರಡನೇ ದರ್ಜೆಯಿಂದ ನಾಲ್ಕನೇ ದರ್ಜೆಯವರೆಗಿನ ತಕ್ಷಣದ ಅಡ್ಡಪರಿಣಾಮ 8 ಗ್ರೇ ಪಡೆದವರಲ್ಲಿ 10%, 30 ಗ್ರೇ ಪಡೆದವರಲ್ಲಿ 17%. ಮರುವಿಕಿರಣವನ್ನೇ ಪರೀಕ್ಷಿಸಿದ 2014ರ ಎಸ್‌ಸಿ.20 ಪ್ರಯೋಗದಲ್ಲೂ ಇದೇ ಒಲವು ಕಂಡಿತು: 14ನೇ ದಿನ ಹಸಿವಿಲ್ಲವೆಂದವರು 8 ಗ್ರೇ ಗುಂಪಿನಲ್ಲಿ 56%, 20 ಗ್ರೇ ಗುಂಪಿನಲ್ಲಿ 66%, ಭೇದಿಯಾದವರು 23% ಮತ್ತು 31%. ಉಪಶಮನ ವಿಕಿರಣದ ಅಡ್ಡಪರಿಣಾಮವನ್ನು ತಗ್ಗಿಸುವ ಅತಿ ದೊಡ್ಡ ಉಪಾಯ ಯಾವ ಗುಳಿಗೆಯಲ್ಲೂ ಇಲ್ಲ. ಜಟಿಲತೆಯಿಲ್ಲದ ನೋವಿಗೆ 8 ಗ್ರೇಯನ್ನು ಒಮ್ಮೆ ಕೊಟ್ಟು ರೋಗಿಯನ್ನು ಮನೆಗೆ ಕಳಿಸುವುದರಲ್ಲೇ ಅದು ಇದೆ. ಹತ್ತು ಕಂತಿಗಾಗಿ ಎರಡು ವಾರ ಧರ್ಮಶಾಲೆಯಲ್ಲೋ ನೆಂಟರ ಮನೆಯಲ್ಲೋ ಉಳಿಯಬೇಕಾದವರಿಗೆ ಇದು ಸಣ್ಣ ಮಾತಲ್ಲ.

ಇಲ್ಲಿಂದ ಮುಂದಿನದು ವಿವಾದದ ನೆಲ. ಒಂದೇ ದೊಡ್ಡ ಕಂತು ನೋವನ್ನು ಹೆಚ್ಚು ಕೆರಳಿಸುತ್ತದೆ, ಆದ್ದರಿಂದ ಅದಕ್ಕೆ ಸ್ಟೀರಾಯ್ಡಿನ ರಕ್ಷಣೆ ಬೇಕು ಎಂಬ ನಂಬಿಕೆ ಬಲವಾಗಿದೆ. ಕಾರಣವನ್ನು ಹೀಗೆ ಊಹಿಸುತ್ತಾರೆ: ವಿಕಿರಣ ತಗುಲಿದ ಜಾಗದಲ್ಲಿ ಉರಿಯೂತ ಹುಟ್ಟಿಸುವ ಪದಾರ್ಥಗಳು ಬಿಡುಗಡೆಯಾಗುತ್ತವೆ, ಮೂಳೆಯ ಹೊರಪೊರೆ ಊದಿಕೊಳ್ಳುತ್ತದೆ, ಸುತ್ತಲಿನ ನರಗಳ ಮೇಲೆ ಒತ್ತಡ ಬೀಳುತ್ತದೆ. 2007ರಲ್ಲಿ ಲೊಬ್ಲಾ ಮತ್ತು ಸಂಗಡಿಗರು 44 ರೋಗಿಗಳಲ್ಲಿ ನಡೆಸಿದ ಪುಟ್ಟ ಅಧ್ಯಯನ ಒಂದೇ ಕಂತಿನವರಲ್ಲಿ ಉಲ್ಬಣ ಹೆಚ್ಚೆಂಬ ಸೂಚನೆ ಕೊಟ್ಟಿತ್ತು. ಆದರೆ ಹರ್ಡ್ ಮತ್ತು ಸಂಗಡಿಗರು 2009ರಲ್ಲಿ 111 ಮಂದಿಯನ್ನು ಗಮನಿಸಿದಾಗ ಒಂದೇ ಕಂತಿನವರಲ್ಲಿ 39%, ಹಲವು ಕಂತಿನವರಲ್ಲಿ 41% ಉಲ್ಬಣ ಕಂಡಿತು. ಈ ಅಧ್ಯಯನದಲ್ಲಿ ಕಂತುಗಳನ್ನು ಚೀಟಿಯೆತ್ತಿ ಹಂಚಿರಲಿಲ್ಲವಾದ್ದರಿಂದ ಎರಡೂ ಒಂದೇ ಎಂದು ಸಾಧಿಸಿದಂತಾಗಲಿಲ್ಲ. ಆದರೂ 8 ಗ್ರೇಗೆ ಅಂಟಿದ ಅಪವಾದಕ್ಕೆ ತಳಹದಿ ತೆಳುವಾಗಿದೆ ಎನ್ನಲು ಇಷ್ಟು ಸಾಕು. ಉಲ್ಬಣಕ್ಕೆ ಹೆದರಿ ಕಂತು ಹೆಚ್ಚಿಸುವುದು ಸರಿಯಾದ ಉತ್ತರವಲ್ಲ.

ಹಾಗಾದರೆ ಗುಳಿಗೆ? ಎಸ್‌ಸಿ.23ರ ರಚನೆ ಶುದ್ಧವಾದದ್ದು ಎಂಬುದನ್ನು ಮೊದಲೇ ಹೇಳಬೇಕು. ಕೆನಡಾದ 23 ಕೇಂದ್ರಗಳಲ್ಲಿ 298 ರೋಗಿಗಳನ್ನು ಯಾದೃಚ್ಛಿಕವಾಗಿ ಹಂಚಲಾಯಿತು. ಎಲ್ಲರಿಗೂ 8 ಗ್ರೇ ಒಂದೇ ಕಂತು. ಒಂದು ಗುಂಪಿಗೆ ವಿಕಿರಣಕ್ಕೆ ಕನಿಷ್ಠ ಒಂದು ಗಂಟೆ ಮೊದಲು 8 ಮಿಲಿಗ್ರಾಂ ಡೆಕ್ಸಾಮೆಥಾಸೋನ್, ನಂತರ ನಾಲ್ಕು ದಿನ ಪ್ರತಿದಿನ ಅಷ್ಟೇ. ಇನ್ನೊಂದು ಗುಂಪಿಗೆ ಅದೇ ರೂಪದ ಹುಸಿಮದ್ದು. ಹತ್ತರ ಅಳತೆಯಲ್ಲಿ ನೋವು ಕನಿಷ್ಠ ಎರಡು ಅಂಕ ಏರಿದ್ದು, ಅಥವಾ ಓಪಿಯಾಯ್ಡ್ ಸೇವನೆ ಕಾಲುಭಾಗದಷ್ಟು ಹೆಚ್ಚಿದ್ದು, ಮತ್ತು ಅದು ಹಿಂದಿನ ಮಟ್ಟಕ್ಕೆ ಮರಳಿದ್ದು — ಇದನ್ನು ಉಲ್ಬಣವೆಂದು ಎಣಿಸಿದರು. ಡೆಕ್ಸಾಮೆಥಾಸೋನ್ ಗುಂಪಿನ 148 ಮಂದಿಯಲ್ಲಿ 39 ಮಂದಿಗೆ, ಹುಸಿಮದ್ದಿನ 150 ಮಂದಿಯಲ್ಲಿ 53 ಮಂದಿಗೆ ಉಲ್ಬಣವಾಯಿತು. ಅಂದರೆ 26% ಮತ್ತು 35%.

ಈ ಅಂಕಿಗಳ ಮೇಲೆ ನನ್ನ ಮೊದಲ ಆಕ್ಷೇಪ ಅವುಗಳ ದೃಢತೆಗೆ ಸಂಬಂಧಿಸಿದ್ದು. ವರದಿಯಾದ p ಬೆಲೆ 0.05, ಅದೂ ಒಂದೇ ದಿಕ್ಕಿನ ಪರೀಕ್ಷೆಯಲ್ಲಿ. ವ್ಯತ್ಯಾಸದ ಕೆಳಮಿತಿ ಸರಿಯಾಗಿ ಸೊನ್ನೆ. ಒಂದೇ ದಿಕ್ಕಿನ ಪರೀಕ್ಷೆಯೆಂದರೆ ಔಷಧ ಒಳಿತು ಮಾಡಬಹುದೇ ಎಂದು ಮಾತ್ರ ಕೇಳಿದಂತೆ. ಪ್ರಕಟವಾದ ಸಂಖ್ಯೆಗಳನ್ನೇ ಇಟ್ಟುಕೊಂಡು ಎರಡೂ ದಿಕ್ಕಿನ ಸರಳ ಲೆಕ್ಕ ಮಾಡಿದರೆ p ಸುಮಾರು 0.09 ಆಗುತ್ತದೆ; ವ್ಯತ್ಯಾಸದ 95% ಮಿತಿ ಸುಮಾರು −1.5ರಿಂದ 19.4ರವರೆಗೆ ಚಾಚಿಕೊಳ್ಳುತ್ತದೆ. ಡೆಕ್ಸಾಮೆಥಾಸೋನ್ ಗುಂಪಿನಲ್ಲಿ 39ರ ಬದಲು 40 ಮಂದಿಗೆ ಉಲ್ಬಣವಾಗಿದ್ದರೆ, ಅದೇ ಸರಳ ಲೆಕ್ಕದಲ್ಲಿ ಒಂದೇ ದಿಕ್ಕಿನ p ಕೂಡ 0.06ಕ್ಕೆ ಏರುತ್ತಿತ್ತು. ಇನ್ನೊಂದು ವಿಷಯವಿದೆ: ದಿನಚರಿಯ ಮಾಹಿತಿ ಸಿಗದವರನ್ನು ಉಲ್ಬಣವಾದವರೆಂದೇ ಎಣಿಸಲಾಯಿತು. ಇದು ಪ್ರಾಮಾಣಿಕವಾದ, ಕಟ್ಟುನಿಟ್ಟಾದ ನಿಯಮವೇ. ಆದರೆ ಒಬ್ಬ ರೋಗಿಯ ಅಂತರದಲ್ಲಿ ನಿಂತಿರುವ ಫಲಿತಾಂಶದಲ್ಲಿ, ಯಾವ ಗುಂಪಿನ ಎಷ್ಟು ಮಂದಿ ನೋವಿನಿಂದಲ್ಲದೆ ಬರೆಯದೆ ಉಳಿದದ್ದರಿಂದ ಈ ಪಟ್ಟಿಗೆ ಸೇರಿದರು ಎಂಬುದೂ ತೂಕವುಳ್ಳ ಪ್ರಶ್ನೆಯಾಗುತ್ತದೆ. ನನ್ನ ಲೆಕ್ಕ ಒರಟು ಎಂಬುದನ್ನೂ ಸೇರಿಸಬೇಕು. ಪ್ರಯೋಗದ ಯೋಜನೆ ಒಂದೇ ದಿಕ್ಕಿನ ಪರೀಕ್ಷೆಯನ್ನು ಮೊದಲೇ ನಿಗದಿಮಾಡಿಕೊಂಡಿದ್ದರೆ ಅದು ನ್ಯಾಯವಾದದ್ದೇ. ಪರಿಣಾಮವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಇದ್ದರೂ ಅದರ ಗಾತ್ರ ನಮಗೆ ಸರಿಯಾಗಿ ತಿಳಿದಿಲ್ಲ ಎನ್ನುತ್ತಿದ್ದೇನೆ.

ಗಾತ್ರವನ್ನು 9% ಎಂದೇ ಒಪ್ಪಿಕೊಳ್ಳೋಣ. ಆಗ ಒಬ್ಬರ ಉಲ್ಬಣವನ್ನು ತಡೆಯಲು ಸುಮಾರು 11 ಮಂದಿಗೆ ಔಷಧ ಕೊಡಬೇಕು. ಉಳಿದ ಹತ್ತು ಮಂದಿಯಲ್ಲಿ ಹೆಚ್ಚಿನವರಿಗೆ ಹೇಗಿದ್ದರೂ ಉಲ್ಬಣವಾಗುತ್ತಿರಲಿಲ್ಲ. ಕೆಲವರಿಗೆ ಗುಳಿಗೆ ನುಂಗಿಯೂ ಆಗುತ್ತದೆ. ಡೆಕ್ಸಾಮೆಥಾಸೋನ್ 8 ಮಿಲಿಗ್ರಾಂ ಎಂದರೆ ಪ್ರೆಡ್ನಿಸೊಲೋನ್ ಲೆಕ್ಕದಲ್ಲಿ ದಿನಕ್ಕೆ 50 ಮಿಲಿಗ್ರಾಂ ದಾಟುತ್ತದೆ, ಐದು ದಿನ. ಚಿಕ್ಕ ಅವಧಿಯೇ ಆದರೂ ಚಿಕ್ಕ ಪ್ರಮಾಣವಲ್ಲ. ಪ್ರಯೋಗದಲ್ಲೇ ಡೆಕ್ಸಾಮೆಥಾಸೋನ್ ಗುಂಪಿನ ಮೂರು ಮಂದಿಯಲ್ಲಿ ರಕ್ತದ ಸಕ್ಕರೆ ಮೂರನೇ ಅಥವಾ ನಾಲ್ಕನೇ ದರ್ಜೆಗೆ ಏರಿತು. ಹುಸಿಮದ್ದಿನ ಗುಂಪಿನಲ್ಲಿ ಒಬ್ಬರಿಗೂ ಇಲ್ಲ. ಆ ಏರಿಕೆಯಿಂದ ಅವರಿಗೆ ತೊಂದರೆಯಾದದ್ದು ತಿಳಿದಿಲ್ಲವೆಂದು ಲೇಖಕರು ಹೇಳಿದ್ದಾರೆ. ಆಯಾಸ 39% ಮತ್ತು 34%, ಮಲಬದ್ಧತೆ 32% ಮತ್ತು 26%: ಎರಡೂ ಡೆಕ್ಸಾಮೆಥಾಸೋನ್ ಗುಂಪಿನಲ್ಲಿ ಹೆಚ್ಚು. ಈ ಅಂತರಗಳು ಆಕಸ್ಮಿಕವಿರಬಹುದು. ಆದರೆ ಲಾಭವೆಂದು ಹೇಳುವ 9%ಕ್ಕೂ ಈ 5–6%ಕ್ಕೂ ನಡುವಿನ ದೂರ ಅಷ್ಟೇನೂ ಇಲ್ಲ. ಒಂದನ್ನು ನಂಬಿ ಇನ್ನೊಂದನ್ನು ಸಂಪೂರ್ಣ ಕಡೆಗಣಿಸುವುದು ಸರಿಯಲ್ಲ.

ಎರಡನೆಯ ಆಕ್ಷೇಪ ಸಮಯದ್ದು. ನೆದರ್‌ಲೆಂಡ್ಸಿನಲ್ಲಿ ಫಾನ್ ಡರ್ ಲಿಂಡೆನ್ ಮತ್ತು ಸಂಗಡಿಗರು ಮೂರು ಗುಂಪುಗಳ ಪ್ರಯೋಗ ನಡೆಸಿದರು: ನಾಲ್ಕು ದಿನ ಹುಸಿಮದ್ದು, ಒಂದು ದಿನ ಮಾತ್ರ ಡೆಕ್ಸಾಮೆಥಾಸೋನ್, ನಾಲ್ಕೂ ದಿನ ಡೆಕ್ಸಾಮೆಥಾಸೋನ್. ಯೋಜಿಸಿದಷ್ಟು ರೋಗಿಗಳು ಸೇರದೆ ಅದು ಬೇಗ ನಿಂತಿತು. ಹಾಗಾಗಿ ಅದರ ತೀರ್ಪಿಗೂ ಮಿತಿಯಿದೆ. ಡೆಕ್ಸಾಮೆಥಾಸೋನ್ ಉಲ್ಬಣದ ಪ್ರಮಾಣವನ್ನು ತಗ್ಗಿಸುತ್ತದೆ ಎನ್ನಲು ಸಾಕಷ್ಟು ಆಧಾರ ಸಿಗಲಿಲ್ಲ, ಅದು ಉಲ್ಬಣವನ್ನು ಮುಂದೂಡುತ್ತದೆ ಎಂಬುದು ಅವರ ಗ್ರಹಿಕೆ. ಇದು ಔಷಧದ ಸ್ವಭಾವಕ್ಕೂ ಹೊಂದುತ್ತದೆ. ಡೆಕ್ಸಾಮೆಥಾಸೋನಿನ ಪರಿಣಾಮ ಒಂದೂವರೆ ದಿನದಿಂದ ಎರಡು ದಿನದವರೆಗೆ ದೇಹದಲ್ಲಿ ಉಳಿಯುತ್ತದೆ. ಕೊನೆಯ ಗುಳಿಗೆ ನುಂಗಿ ಅದರ ಬಲ ಇಳಿಯುವ ಹೊತ್ತಿಗೆ, ತಡೆಹಿಡಿದಿದ್ದ ಉರಿಯೂತ ತಲೆಯೆತ್ತಬಹುದು. ಸಹಾಯವಿಲ್ಲದ ದಿನಕ್ಕೆ ನೋವನ್ನು ತಳ್ಳಿದರೆ ರೋಗಿಗೆ ಉಪಕಾರವೋ ಅಪಕಾರವೋ? ಆಸ್ಪತ್ರೆಯ ಸಮೀಪದಲ್ಲಿರುವ ಎರಡನೇ ದಿನ ನೋವು ಕೆರಳಿದರೆ ಕೇಳುವವರು ಇರುತ್ತಾರೆ. ಊರು ತಲುಪಿ ಏಳನೇ ದಿನ ಕೆರಳಿದರೆ, ಚಿಕಿತ್ಸೆಯೇ ಫಲಿಸಲಿಲ್ಲ, ಕಾಯಿಲೆ ಮುಂದುವರಿಯಿತು ಎಂದು ಮನೆಮಂದಿ ಕಂಗಾಲಾಗುತ್ತಾರೆ. ಎಸ್‌ಸಿ.23ರ ದಿನಚರಿ 10ನೇ ದಿನದವರೆಗೂ ಇದ್ದದ್ದರಿಂದ ಇಂಥ ತಡವಾದ ಉಲ್ಬಣಗಳ ಬಹುಪಾಲು ಅದರ ಲೆಕ್ಕಕ್ಕೆ ಸಿಕ್ಕಿರಬೇಕು ಎಂಬ ಪ್ರತಿವಾದವೂ ಇದೆ. ಅದನ್ನು ತಳ್ಳಿಹಾಕಲು ನನ್ನಲ್ಲಿ ಪುರಾವೆಯಿಲ್ಲ.

ಮೂರನೆಯದು ನಮ್ಮ ನೆಲದ ವಿಷಯ, ಮತ್ತು ನನ್ನ ಮಟ್ಟಿಗೆ ನಿರ್ಣಾಯಕ. 2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ 11.4% ಮಂದಿಗೆ ಮಧುಮೇಹವಿದೆ, ಇನ್ನೂ 15.3% ಮಂದಿ ಅದರ ಹೊಸ್ತಿಲಲ್ಲಿದ್ದಾರೆ. ಮೂಳೆಗೆ ಹರಡಿದ ಕ್ಯಾನ್ಸರಿನವರು ಬಹುತೇಕ ನಡುವಯಸ್ಸು ದಾಟಿದವರು, ಹಾಗಾಗಿ ಅವರಲ್ಲಿ ಈ ಪ್ರಮಾಣ ಇನ್ನೂ ಹೆಚ್ಚಿರುತ್ತದೆಯೆಂದು ನಿರೀಕ್ಷಿಸಬೇಕು. ಸ್ಟೀರಾಯ್ಡ್ ಮುಖ್ಯವಾಗಿ ಊಟದ ನಂತರದ ಸಕ್ಕರೆಯನ್ನು ಏರಿಸುತ್ತದೆ; ಬೆಳಗಿನ ಖಾಲಿಹೊಟ್ಟೆಯ ಪರೀಕ್ಷೆಯಲ್ಲಿ ಅದು ಪೂರ್ತಿ ಕಾಣದೇ ಹೋಗಬಹುದು. ಮನೆಯಲ್ಲಿ ಸಕ್ಕರೆ ಅಳೆಯುವ ಯಂತ್ರವಿಲ್ಲದ, ವಿಕಿರಣ ಮುಗಿದ ದಿನವೇ ಬಸ್ಸು ಹತ್ತುವ ರೋಗಿಯಲ್ಲಿ ಏರಿದ ಸಕ್ಕರೆಯನ್ನು ಯಾರು ಗುರುತಿಸಬೇಕು? ಬಾಯಾರಿಕೆ, ಸುಸ್ತು, ಮಂಪರು ಇವೆಲ್ಲ ಕ್ಯಾನ್ಸರಿನದೇ ಎಂದು ಸುಮ್ಮನಾಗುವ ಅಪಾಯ ದೊಡ್ಡದು. ಅದಕ್ಕೆ ಇನ್ನೊಂದು ಸೇರಿಕೊಳ್ಳುತ್ತದೆ. ಮೂಳೆನೋವಿಗೆ ಡೈಕ್ಲೋಫೆನಾಕ್‌ನಂಥ ಗುಳಿಗೆಯನ್ನು ನಮ್ಮವರು ಔಷಧಿ ಅಂಗಡಿಯಿಂದ ನೇರವಾಗಿ ಕೊಂಡು ನುಂಗುವುದು ಸಾಮಾನ್ಯ. ಅದರ ಜೊತೆ ಸ್ಟೀರಾಯ್ಡ್ ಸೇರಿದರೆ ಜಠರದ ಹುಣ್ಣು ಮತ್ತು ರಕ್ತಸ್ರಾವದ ಸಂಭವ ಹೆಚ್ಚುವುದು ವೈದ್ಯರೆಲ್ಲ ಬಲ್ಲ ಸಂಗತಿ.

ಆದ್ದರಿಂದ ನನ್ನ ಸೂಚನೆ ಇದು: ನಮ್ಮಲ್ಲಿ 8 ಗ್ರೇ ಪಡೆಯುವ ಎಲ್ಲರಿಗೂ ಡೆಕ್ಸಾಮೆಥಾಸೋನ್ ಕೊಡುವುದಕ್ಕಿಂತ, ಎಲ್ಲರಿಗೂ ಮುನ್ನೆಚ್ಚರಿಕೆಯ ಮಾತು ಮತ್ತು ಹೆಚ್ಚುವರಿ ನೋವುನಿವಾರಕವನ್ನು ಕೈಗೆ ಕೊಟ್ಟು, ಸ್ಟೀರಾಯ್ಡನ್ನು ಆಯ್ದವರಿಗೆ ಉಳಿಸಿಕೊಳ್ಳುವುದು ಹೆಚ್ಚು ಸುರಕ್ಷಿತ. ಉಲ್ಬಣಗಳಲ್ಲಿ ಹೆಚ್ಚಿನವು ಮೊದಲ ಐದು ದಿನಗಳಲ್ಲಿ ಬಂದು ಕೆಲವೇ ದಿನ ಇದ್ದು ಹೋಗುತ್ತವೆ. ‘ನೋವು ಮೊದಲು ಸ್ವಲ್ಪ ಜಾಸ್ತಿಯಾಗಬಹುದು, ಹೆದರಬೇಡಿ, ಆಗ ಈ ಗುಳಿಗೆ ತೆಗೆದುಕೊಳ್ಳಿ, ಈ ನಂಬರಿಗೆ ಫೋನ್ ಮಾಡಿ’ ಎಂದು ರೋಗಿಗೂ ಜೊತೆಗೆ ಬಂದವರಿಗೂ ಹೇಳಿ ಕಳಿಸುವುದೇ ಚಿಕಿತ್ಸೆಯ ಭಾಗ. ಮಾರ್ಫಿನ್ ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ದಿನದ ಒಟ್ಟು ಪ್ರಮಾಣದ ಆರನೇ ಒಂದು ಭಾಗದಷ್ಟು ಹೆಚ್ಚುವರಿ ಗುಳಿಗೆಯನ್ನು ಮೊದಲೇ ಬರೆದುಕೊಡಬಹುದು, ಮಲಬದ್ಧತೆಯ ಔಷಧವನ್ನು ಮರೆಯದೆ. ಬೆನ್ನುಹುರಿಯ ಮೇಲೆ ಒತ್ತಡ ಬಿದ್ದವರಿಗೆ ಡೆಕ್ಸಾಮೆಥಾಸೋನ್ ಹೇಗೂ ಬೇಕು. ಅದು ಈ ಚರ್ಚೆಯ ಹೊರಗಿನದು. ಬೆನ್ನುಮೂಳೆಗೆ ಹೆಚ್ಚು ಪ್ರಮಾಣದ ನಿಖರ ವಿಕಿರಣ ಪಡೆಯುವವರ ಲೆಕ್ಕವೂ ಬೇರೆ: 2013ರಲ್ಲಿ ಚಿಯಾಂಗ್ ಮತ್ತು ಸಂಗಡಿಗರು ಸ್ಟೀರಾಯ್ಡ್ ಪಡೆಯದ ಅಂಥ ರೋಗಿಗಳಲ್ಲಿ 68% ಮಂದಿಗೆ ಉಲ್ಬಣವಾದುದನ್ನು ಕಂಡಿದ್ದಾರೆ. ಅಲ್ಲಿ ಮುಂಚಿತ ಸ್ಟೀರಾಯ್ಡಿನ ಪಕ್ಷ ಬಲವಾಗಿದೆ.

ಈ ಸೂಚನೆಗೆ ಎದುರಾಗಿ ನಿಲ್ಲುವ ಗಟ್ಟಿಯಾದ ಮಾತು ಒಂದಿದೆ. ಹೆಚ್ಚುವರಿ ನೋವುನಿವಾರಕ ಕೊಡಿ ಎನ್ನುವುದು ಮಾರ್ಫಿನ್ ಸಿಗುವ ಊರಿನಲ್ಲಿ ಮಾತ್ರ ಅರ್ಥವುಳ್ಳದ್ದು. ಮಾದಕದ್ರವ್ಯ ಕಾಯ್ದೆಗೆ 2014ರಲ್ಲಿ ತಿದ್ದುಪಡಿಯಾಗಿ ಪರವಾನಗಿಯ ತೊಡಕು ಕಡಿಮೆಯಾದರೂ, ದೊಡ್ಡ ಆಸ್ಪತ್ರೆ ಮತ್ತು ಉಪಶಮನ ಕೇಂದ್ರಗಳ ಆಚೆ ಮಾರ್ಫಿನ್ ಗುಳಿಗೆ ಸುಲಭವಾಗಿ ಸಿಗುವುದಿಲ್ಲ. ಡೆಕ್ಸಾಮೆಥಾಸೋನ್ ಪ್ರತಿಯೊಂದು ಅಂಗಡಿಯಲ್ಲಿ ಸಿಗುತ್ತದೆ, ಅಗ್ಗ. ಮಾರ್ಫಿನ್ ಇಲ್ಲದ, ಮಧುಮೇಹವೂ ಇಲ್ಲದ, ಜಠರದ ತೊಂದರೆಯೂ ಇಲ್ಲದ ರೋಗಿಗೆ ಡೆಕ್ಸಾಮೆಥಾಸೋನ್ ಬೇಡವೆನ್ನುವ ಧೈರ್ಯ ನನಗಿಲ್ಲ. ಅದು ಹಸಿವು ಹೆಚ್ಚಿಸುವ ಗುಣವೂ ಉಪೇಕ್ಷಿಸುವಂಥದ್ದಲ್ಲ. ನನ್ನ ತಕರಾರು ಔಷಧದ ಮೇಲಲ್ಲ, ಎಲ್ಲರಿಗೂ ಒಂದೇ ಚೀಟಿ ಎಂಬ ರೂಢಿಯ ಮೇಲೆ.

ಉಲ್ಬಣದ ಚರ್ಚೆಯ ಭರದಲ್ಲಿ ವಿಕಿರಣ ಬೀಳುವ ಜಾಗದ ಪ್ರಶ್ನೆ ಹಿಂದೆ ಸರಿಯಬಾರದು. ವಾಕರಿಕೆ, ವಾಂತಿ, ಭೇದಿ, ನುಂಗುವಾಗಿನ ನೋವು ಇವು ಕರುಳು, ಜಠರ, ಅನ್ನನಾಳಗಳಿಗೆ ಬಿದ್ದ ಪ್ರಮಾಣದಿಂದ ಬರುವಂಥವು. ಸೊಂಟದ ಬೆನ್ನುಮೂಳೆಗೆ ಹಿಂದಿನಿಂದ ಒಂದೇ ಕಿರಣದಲ್ಲಿ 5 ಸೆಂ.ಮೀ. ಆಳಕ್ಕೆ 8 ಗ್ರೇ ಕೊಡುತ್ತೇವೆ ಎಂದುಕೊಳ್ಳೋಣ. ಕೋಬಾಲ್ಟ್ ಯಂತ್ರದಲ್ಲಾದರೆ ಚರ್ಮದ ಕೆಳಗಿನ ಅತಿಹೆಚ್ಚಿನ ಪ್ರಮಾಣ ಸುಮಾರು 10 ಗ್ರೇ. 6 ಮೆಗಾವೋಲ್ಟಿನ ಲಿನಾಕ್‌ನಲ್ಲಾದರೆ ಸುಮಾರು 9. ಮೂಳೆಯನ್ನು ದಾಟಿ 10 ಸೆಂ.ಮೀ. ಆಳದಲ್ಲಿ, ಎಂದರೆ ಕರುಳಿರುವ ಕಡೆ, ಎರಡರಲ್ಲೂ ಸುಮಾರು 6 ಗ್ರೇ ಬೀಳುತ್ತದೆ. ಆದ್ದರಿಂದ ಈ ಭಾಗಕ್ಕೆ ವಿಕಿರಣ ಪಡೆಯುವವರಿಗೆ ಮೊದಲೇ ಒಂಡಾನ್ಸೆಟ್ರಾನ್ ಕೊಡುವುದು ಸಮಂಜಸ. ಅದಕ್ಕಿಂತ ಮೊದಲಿನದು ಚೌಕಟ್ಟಿನ ಉದ್ದ: ಅಭ್ಯಾಸಬಲದಿಂದ ಮೇಲೊಂದು ಕೆಳಗೊಂದು ಎಂದು ಸೇರಿಸುವ ಕಶೇರುಕ ಪ್ರತಿಯೊಬ್ಬರಿಗೂ ಬೇಕೇ ಎಂದು ಸಿಟಿ ಚಿತ್ರ ನೋಡಿ ನಿರ್ಧರಿಸಿದರೆ, ಕರುಳಿಗೂ ಅಸ್ಥಿಮಜ್ಜೆಗೂ ಬೀಳುವ ಹೊರೆ ಖರ್ಚಿಲ್ಲದೆ ಇಳಿಯುತ್ತದೆ. ಭಾಭಾ ಪರಮಾಣು ಸಂಶೋಧನಾ ಕೇಂದ್ರ ರೂಪಿಸಿದ, ಬೆಂಗಳೂರಿನ ಪನೇಸಿಯಾ ಸಂಸ್ಥೆ ತಯಾರಿಸುವ ಭಾಭಾಟ್ರಾನ್‌ನಂಥ ಕೋಬಾಲ್ಟ್ ಯಂತ್ರಗಳಲ್ಲೂ ಇಷ್ಟು ಎಚ್ಚರಿಕೆ ಸಾಧ್ಯ. ದುಬಾರಿ ತಂತ್ರವಿದ್ದಲ್ಲಿ ಮಾತ್ರ ಅಡ್ಡಪರಿಣಾಮ ತಗ್ಗುತ್ತದೆ ಎಂಬ ಭಾವನೆ ಬೆಳೆಯಬಾರದೆಂದು ಇದನ್ನು ಒತ್ತಿ ಹೇಳುತ್ತಿದ್ದೇನೆ.

ಬಿಡಿಸದೆ ಉಳಿದ ಗಂಟುಗಳು ಹಲವು. ಎಲ್ಲರಿಗೂ ಮುಂಚಿತವಾಗಿ ಡೆಕ್ಸಾಮೆಥಾಸೋನ್ ಒಂದೆಡೆ, ನೋವು ಕೆರಳಿದಾಗ ಮಾತ್ರ ತೆಗೆದುಕೊಳ್ಳುವಂತೆ ಹೆಚ್ಚುವರಿ ನೋವುನಿವಾರಕವನ್ನು ಕೈಗೆ ಕೊಟ್ಟು ಕಳಿಸುವುದು ಇನ್ನೊಂದೆಡೆ: ಇವೆರಡನ್ನೂ ನೇರವಾಗಿ ಹೋಲಿಸಿದ ಆಧಾರದ ಮೇಲೆ ನನ್ನ ಸೂಚನೆ ನಿಂತಿಲ್ಲ, ಬೇರೆ ಬೇರೆ ಪ್ರಯೋಗಗಳ ಅಂಕಿಗಳಿಂದ ಅದನ್ನು ಊಹಿಸಿದ್ದೇನೆ. ಮಧುಮೇಹಿಗಳನ್ನು ಹೊರಗಿಡದೆ, ಊಟದ ನಂತರದ ಸಕ್ಕರೆಯನ್ನೂ ಅಳೆಯುತ್ತ, ಫೋನಿನಲ್ಲಿ 14 ದಿನ ರೋಗಿಗಳನ್ನು ವಿಚಾರಿಸುವ ಪ್ರಯೋಗವನ್ನು ನಮ್ಮ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರಗಳು ಜಂಟಿಯಾಗಿ ನಡೆಸಲು ಸಾಧ್ಯವಿದೆ. ಅಂಥ ಪ್ರಯೋಗದಲ್ಲಿ ಉಲ್ಬಣದ ಎಣಿಕೆಯ ಜೊತೆಗೆ, ಆ ರಾತ್ರಿಗಳಲ್ಲಿ ರೋಗಿಗೆ ನಿದ್ರೆ ಬಂತೇ, ಎದ್ದು ಬಚ್ಚಲಿಗೆ ಹೋಗಲಾಯಿತೇ ಎಂಬುದನ್ನೂ ಅಳೆದರೆ, ಎರಡು ಅಂಕದ ಏರಿಕೆ ನಿಜವಾಗಿ ಎಷ್ಟು ದೊಡ್ಡದು ಎಂಬ ಪ್ರಶ್ನೆಗೂ ಉತ್ತರ ಸಿಕ್ಕೀತು.